ಲಾಗಿನ್ ಆದೊಡನೆ ‘ಹೌದು’ ಎನ್ನಬೇಕಾದವರ ಬಗ್ಗೆ, ಹಾಗೂ ಶ್ರೀ ಬೋಜಪ್ಪನವರ ಒಂದು ದಿನದ ರಜೆಯ ಬಗ್ಗೆ

ವಲಯ ಕಚೇರಿ, ನಾಪೋಕ್ಲು
ಸಂಖ್ಯೆ: ವ.ಕ.ನಾ/ಗಣಕ/ಹೌದು/ಸು-೧೪
ದಿನಾಂಕ: ಗುರುವಾರ (ತಾರೀಖಿನ ಮೊಹರು ಕಪಾಟಿನಲ್ಲಿದ್ದು, ಬೀಗದ ಕೈ ನಾಪೋಕ್ಲಿನಲ್ಲಿಯೇ ಉಳಿದಿರುತ್ತದೆ)

ವಿಷಯ: ಅಡ್ಮಿನಿಸ್ಟ್ರೇಟರ್ ಹಕ್ಕು ಬೇಡುವ ತಂತ್ರಾಂಶಗಳು ಲಾಗಿನ್ ಆಗುತ್ತಿದ್ದಂತೆ ತಾವಾಗಿಯೇ ಶುರುವಾಗುವ ಕುರಿತು, ಹಾಗೆ ಶುರುವಾದಲ್ಲಿ ಯಾರೂ ಬೇಸರಿಸಿಕೊಳ್ಳದಿರುವ ಕುರಿತು.

ಉಲ್ಲೇಖ:
೧. ಶ್ರೀ ಬೋಜಪ್ಪ, ಪ್ರಥಮ ದರ್ಜೆ ಸಹಾಯಕರು, ಇವರ ಸಾಂದರ್ಭಿಕ ರಜೆ ಅರ್ಜಿ.
೨. ಸದರಿ ಅರ್ಜಿಯನ್ನು ತಿರಸ್ಕರಿಸಿದ ಪತ್ರ.
೩. ಸದರಿ ನೌಕರರ ತಂಗಿ ಶ್ರೀಮತಿ ಪೊನ್ನಮ್ಮನವರ ದೂರವಾಣಿ ಕರೆಗಳು (ಲೆಕ್ಕ ಇಟ್ಟಿರುವುದಿಲ್ಲ).

ಪ್ರಸ್ತಾವನೆ:

ಈ ಕಚೇರಿಯಲ್ಲಿ ಸಾರ್ವಜನಿಕರಿಗೆ ಟೋಕನ್ ಕೂಗುವ ‘ಸರದಿ’ ಎಂಬ ತಂತ್ರಾಂಶವಿರುತ್ತದೆ. ಅದು ಕೂಗದೆ ಕೌಂಟರಿನಲ್ಲಿ ಒಂದು ಕಾಗದವೂ ಅಲುಗುವುದಿಲ್ಲ. ಅದನ್ನು ತಯಾರಿಸಿದವರು ಯಾವ ಕಾರಣಕ್ಕೋ ಅದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕೆಂದು ಇಟ್ಟುಹೋಗಿದ್ದಾರೆ. ಹೀಗಾಗಿ ಪ್ರತಿದಿನ ಬೆಳಿಗ್ಗೆ ಲಾಗಿನ್ ಆಗಿ ‘ಸರದಿ’ಯನ್ನು ತೆರೆದೊಡನೆ ಪರದೆಯೆಲ್ಲ ಮಬ್ಬಾಗಿ, ನಡುವೆ ಒಂದು ಪೆಟ್ಟಿಗೆ ಮೂಡಿ, ‘ಈ ತಂತ್ರಾಂಶವು ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಲು ಒಪ್ಪುವಿರಾ’ ಎಂದು ಕೇಳುತ್ತದೆ. ಕೆಳಗೆ ‘ಹೌದು’ ಮತ್ತು ‘ಇಲ್ಲ’ ಎಂಬ ಎರಡು ಗುಂಡಿಗಳಿರುತ್ತವೆ. ಹಿಂದೊಮ್ಮೆ ಯಾರೋ ಬೇರೊಂದು ಪೆಟ್ಟಿಗೆಗೆ ಹಿಂದುಮುಂದು ನೋಡದೆ ‘ಹೌದು’ ಎಂದುಬಿಟ್ಟು, ಯಂತ್ರದ ತುಂಬ ಇಸ್ಪೀಟಿನ ಜಾಹೀರಾತುಗಳು ಬಂದು ಕುಳಿತ ಪ್ರಯುಕ್ತ, ‘ಹೌದು’ ಒತ್ತುವ ಅಧಿಕಾರವನ್ನು ಬೋಜಪ್ಪನವರೊಬ್ಬರಿಗೇ ವಹಿಸಲಾಗಿತ್ತು.

ಬೋಜಪ್ಪನವರು ಈ ಕರ್ತವ್ಯವನ್ನು ಅಕ್ಕರೆಯಿಂದಲೇ ನಡೆಸಿಕೊಂಡು ಬಂದಿರುತ್ತಾರೆ. ಸ್ಕೂಟರ್ ನಿಲ್ಲಿಸಿ, ಕನ್ನಡಕ ಒರೆಸಿ, ಪೆಟ್ಟಿಗೆಯಲ್ಲಿರುವುದನ್ನು ದಿನವೂ ಹೊಸದೆಂಬಂತೆ ಪೂರ್ತಿ ಓದಿ, ಬಳಿಕವೇ ಒತ್ತುತ್ತಿದ್ದರು. ಇದರ ಸಲುವಾಗಿ ಅವರು ಜ್ವರ ಬಂದಾಗಲೂ ರಜೆ ಹಾಕಿದವರಲ್ಲ.

ಹೀಗಿರುವಲ್ಲಿ ಪೊನ್ನಮ್ಮನವರ ಮಗನ ಮದುವೆಯು ಈ ಗುರುವಾರ ಶ್ರೀಮಂಗಲದಲ್ಲಿ ನಿಶ್ಚಯವಾಯಿತು. ಕೊಡವ ಪದ್ಧತಿಯಂತೆ, ಮಂಟಪದ ಮುಂದೆ ನೆಟ್ಟ ಬಾಳೆದಿಂಡುಗಳನ್ನು ಒಡಿಕತ್ತಿಯಿಂದ ಕಡಿದ ಮೇಲೆಯೇ ವರನ ಕಡೆಯವರು ಒಳಗೆ ಕಾಲಿಡತಕ್ಕದ್ದು. ಕಡಿಯುವ ಗೌರವ ವರನ ಸೋದರಮಾವನದು. ಪೊನ್ನಮ್ಮನವರಿಗೆ ಇರುವುದು ಒಬ್ಬರೇ ಅಣ್ಣ. ಬೋಜಪ್ಪನವರು ಒಂದು ದಿನದ ರಜೆ ಕೋರಿದರು. ‘ಹೌದು’ ಎನ್ನಲು ಬದಲಿ ನೌಕರರು ಲಭ್ಯವಿಲ್ಲವೆಂದು ವಲಯ ಅಧಿಕಾರಿ ಶ್ರೀ ಪರಮೇಶಪ್ಪನವರು ತಿರಸ್ಕರಿಸಿದರು. ಸುದ್ದಿ ತಿಳಿದ ಪೊನ್ನಮ್ಮನವರು ಕೂಡಲೇ ಕರೆ ಮಾಡಿದ್ದು, ಬೋಜಪ್ಪನವರ ಫೋನಿನ ಸ್ಪೀಕರ್ ಬಟನ್ ಕೆಟ್ಟಿರುವುದರಿಂದ ಕಚೇರಿಯೇ ಅದನ್ನು ಕೇಳಿಸಿಕೊಂಡಿರುತ್ತದೆ:

“ಅಣ್ಣ, ನೀನು ಬರೋದಿಲ್ಲಾಂದ್ರೆ ಆ ಕಂಪ್ಯೂಟರನ್ನೇ ಕಳಿಸು, ಅದರ ಕೈಗೇ ಕತ್ತಿ ಕೊಡ್ತೇನೆ. ನನ್ನ ಮಗ ಮಂಟಪದ ಹೊರಗೆ ನಿಂತಿರ್ಲಿ, ನಿಮ್ಮ ಸಾಹೇಬರು ಟೋಕನ್ ಕೊಟ್ಟ ಮೇಲೆ ಒಳಗೆ ಬರ್ತಾನೆ.”

ಆ ದಿನ ಬೋಜಪ್ಪನವರು ಊಟದ ಡಬ್ಬಿಯನ್ನು ತೆರೆದಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

೧. ‘ಹೌದು’ ಒತ್ತುವ ಅಧಿಕಾರವು ಎಂದಿನಂತೆ ಬೋಜಪ್ಪನವರಲ್ಲಿಯೇ ಇರತಕ್ಕದ್ದು. ‘ಇಲ್ಲ’ ಎನ್ನುವುದಕ್ಕೆ ಯಾವ ನೌಕರರೂ ಪೂರ್ವಾನುಮತಿ ಪಡೆಯಬೇಕಾಗಿಲ್ಲ. ಈ ವಿಷಯದಲ್ಲಿ ಇಲಾಖೆಯು ಮೊದಲಿನಿಂದಲೂ ಉದಾರವಾಗಿದೆ.

೨. ಪೆಟ್ಟಿಗೆ ಬರುವುದು ‘ಸರದಿ’ಯನ್ನು ತೆರೆಯುವಾಗ ಮಾತ್ರವಾದ್ದರಿಂದ, ಒಮ್ಮೆ ತೆರೆದ ಯಂತ್ರವನ್ನು ಗುರುವಾರ ಕಳೆಯುವ ತನಕ ಆರಿಸದಿದ್ದರಾಯಿತೆಂದು ಡಾಟಾ ಎಂಟ್ರಿ ಆಪರೇಟರ್ ಕು. ನಿಶ್ಮಿತಾ ಅವರು ಸಲಹೆ ನೀಡಿದ್ದರು. ಅದರಂತೆ ಆರಿಸದೆ ಬಿಡಲಾಯಿತು. ಸಂಜೆಯ ಗಾಳಿಗೆ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಯುಪಿಎಸ್ ಒಂದಿಷ್ಟು ಹೊತ್ತು ಕಿರುಚಿಕೊಂಡು ತಾನೂ ಸುಮ್ಮನಾಯಿತು. ಇನ್ನು ಮುಂದೆ ತಂತಿಯ ಮೇಲೆ ಬೀಳಲಿಚ್ಛಿಸುವ ಕೊಂಬೆಗಳು ಕಚೇರಿಯ ಕೆಲಸದ ದಿನಗಳನ್ನು ತಪ್ಪಿಸಿ ಬೀಳುವಂತೆ ಸಂಬಂಧಪಟ್ಟ ತೋಟದ ಮಾಲೀಕರು ನೋಡಿಕೊಳ್ಳತಕ್ಕದ್ದು.

೩. ತರುವಾಯ ‘ಸರದಿ’ಯ ಶಾರ್ಟ್‌ಕಟ್ಟನ್ನು ಸ್ಟಾರ್ಟಪ್ ಫೋಲ್ಡರಿನೊಳಗೆ ಇಡಲಾಯಿತು. ಅಲ್ಲಿ ಇಟ್ಟದ್ದೆಲ್ಲ ಲಾಗಿನ್ ಆದೊಡನೆ ತಾನಾಗಿ ತೆರೆದುಕೊಳ್ಳಬೇಕು. ಕ್ಯಾಲೆಂಡರ್ ತೆರೆದುಕೊಂಡಿತು, ಪ್ರಿಂಟರಿನದ್ದು ತೆರೆದುಕೊಂಡಿತು, ‘ಸರದಿ’ ಮಾತ್ರ ಬರಲಿಲ್ಲ, ಪೆಟ್ಟಿಗೆಯೂ ಬರಲಿಲ್ಲ. ಮೇಲಿನ ಹಕ್ಕು ಬೇಡುವವುಗಳನ್ನು ಯಂತ್ರವು ಆ ಬಾಗಿಲಿನಿಂದ ಒಳಗೆ ಬಿಡುವುದಿಲ್ಲವೆಂದೂ, ಬಿಡಲಿಲ್ಲವೆಂದು ಹೇಳುವ ಸೌಜನ್ಯವನ್ನೂ ತೋರುವುದಿಲ್ಲವೆಂದೂ ತಿಳಿದುಬಂದಿದೆ. ಶಿರಂಗಾಲದವರಾದ ಜವಾನ ಸಣ್ಣಸ್ವಾಮಿಯವರು, “ಎಲ್ಲಾರ್ ಮುಂದೆ ಬರಕ್ಕೆ ನಾಚ್ಕತಾ ಐತೆ ಸಾ, ನೀವೆಲ್ಲ ಒಸಿ ಆಚೆ ಹೋಗಿ” ಎಂದು ತಿಳಿಸಿದ ಮೇರೆಗೆ ಸಿಬ್ಬಂದಿಯೆಲ್ಲ ವರಾಂಡಕ್ಕೆ ಹೋಗಿ ನಿಂತಿದ್ದರು. ಆಗಲೂ ಬರಲಿಲ್ಲ. ಯಾವುದೇ ತಂತ್ರಾಂಶವು ಕಚೇರಿ ವೇಳೆಯಲ್ಲಿ ನಾಚಿಕೊಳ್ಳತಕ್ಕದ್ದಲ್ಲ.

೪. ಎಂಟರ್ ಕೀಲಿಯ ಮೇಲೆ ಕಲ್ಲು ಇಡುವ ಪ್ರಯತ್ನದ ಬಗ್ಗೆ. ಬೋಜಪ್ಪನವರು ಮನೆಯಿಂದ ತಂದ ಉಪ್ಪಿನಕಾಯಿ ಭರಣಿಯ ಕಲ್ಲನ್ನು ಇಟ್ಟು ‘ಸರದಿ’ಯನ್ನು ತೆರೆಯಲಾಯಿತು. ಪೆಟ್ಟಿಗೆಯಲ್ಲಿ ಮೊದಲೇ ಆಯ್ಕೆಯಾಗಿರುವ ಗುಂಡಿ ‘ಇಲ್ಲ’ ಎಂಬುದಾಗಿರುವುದರಿಂದ ಕಲ್ಲು ‘ಇಲ್ಲ’ ಎಂದಿತು. ಎಷ್ಟು ಸಲ ತೆರೆದರೂ ಅದನ್ನೇ ಎಂದಿತು. ಕಲ್ಲು ಮೇಲಿನ ಕಂಡಿಕೆ ೧ನ್ನು ಉಲ್ಲಂಘಿಸಿಲ್ಲವಾದ್ದರಿಂದ ಅದರ ಮೇಲೆ ಶಿಸ್ತುಕ್ರಮ ಕೈಬಿಡಲಾಗಿದೆ. ಕೀಲಿಮಣೆಗೆ ತಗುಲಿದ ನಿಂಬೆಕಾಯಿ ವಾಸನೆಯ ವಿಚಾರ ಬೇರೆ.

೫. ಕೊನೆಗೆ ಬೋಜಪ್ಪನವರೂ ನಿಶ್ಮಿತಾ ಅವರೂ ಮಂಗಳವಾರ ಒಟ್ಟಿಗೆ ಕುಳಿತು, ಯಂತ್ರದೊಳಗಿನ ಟಾಸ್ಕ್ ಶೆಡ್ಯೂಲರ್ ಎಂಬಲ್ಲಿ ಒಂದು ಕೆಲಸವನ್ನು ಹೊಸದಾಗಿ ಬರೆದಿಟ್ಟರು: ಲಾಗಿನ್ ಆದಾಗ ಶುರುವಾಗು, ಅತಿ ಹೆಚ್ಚಿನ ಹಕ್ಕಿನೊಂದಿಗೆ ಶುರುವಾಗು, ಶುರು ಮಾಡಬೇಕಾದದ್ದು ‘ಸರದಿ’. ನಿಶ್ಮಿತಾ ಅವರು ಕಣ್ಣು ಮುಚ್ಚಿಕೊಂಡು ಲಾಗಿನ್ ಆದರು. ಪರದೆ ಮಬ್ಬಾಗಲಿಲ್ಲ, ಯಾರೂ ಏನೂ ಕೇಳಲಿಲ್ಲ, “ಟೋಕನ್ ಸಂಖ್ಯೆ ಒಂದು” ಎಂದು ಸ್ಪೀಕರ್ ಕೂಗಿಯೇಬಿಟ್ಟಿತು. ಸಿಬ್ಬಂದಿ ಚಪ್ಪಾಳೆ ತಟ್ಟಿದರು. ಬೋಜಪ್ಪನವರ ತೋರುಬೆರಳು ಮಾತ್ರ ಸ್ವಲ್ಪ ಹೊತ್ತು ಮೌಸಿನ ಮೇಲೆಯೇ ಉಳಿದಿತ್ತು. “ಇನ್ನು ನನ್ನನ್ನು ಕೇಳೋದೇ ಇಲ್ವಾ ಇದು?” ಎಂದು ಅವರು ನಿಶ್ಮಿತಾ ಅವರನ್ನು ವಿಚಾರಿಸಿರುತ್ತಾರೆ. “ಇಲ್ಲ ಸರ್, ಇನ್ನು ನೀವು ಆರಾಮಾಗಿ ಬಾಳೆ ಕಡೀಬಹುದು” ಎಂಬ ಉತ್ತರ ಬಂದ ಮೇಲೆ ಕೈ ತೆಗೆದು, ರಜೆ ಅರ್ಜಿಯನ್ನು ಎರಡನೆಯ ಸಲ ಬರೆದರು.

೬. ಬುಧವಾರ ಪರಮೇಶಪ್ಪನವರು ಖುದ್ದಾಗಿ ತಪಾಸಣೆ ನಡೆಸಿದರು. ‘ಸರದಿ’ಯು ಅವರ ಕಣ್ಣೆದುರಿಗೇ, ಅವರನ್ನೂ ಕೇಳದೆ ಶುರುವಾದದ್ದು ಅವರಿಗೆ ಸರಿಬರಲಿಲ್ಲ. “ಹೌದು ಅಂದೋರು ಯಾರ್ರೀ? ಯಾರೂ ಅನ್ನದೆ ಸರ್ಕಾರದ ಕೆಲಸ ಶುರುವಾಗಿಬಿಟ್ರೆ ನಾಳೆ ಯಾರನ್ನ ಹಿಡ್ಕೊಂಡು ಕೇಳೋದು?” ಎಂಬುದು ಅವರ ಆಕ್ಷೇಪಣೆ. ಆದುದರಿಂದ, ಪೆಟ್ಟಿಗೆ ಬಾರದಿದ್ದರೂ ಬೋಜಪ್ಪನವರು ಪ್ರತಿದಿನ ಅದು ಬರುತ್ತಿದ್ದ ಜಾಗವನ್ನು ನೋಡುತ್ತಾ, ಕೌಂಟರಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, ಬಾಯಿಬಿಟ್ಟು ‘ಹೌದು’ ಎನ್ನತಕ್ಕದ್ದು. ಮೊದಲು ಪೆಟ್ಟಿಗೆಯೇ ನೆನಪಿಸುತ್ತಿತ್ತು, ಈಗ ನೆನಪಿಟ್ಟುಕೊಳ್ಳುವ ಹೊಣೆಯೂ ಅವರದ್ದೇ ಆಗಿ ಕೆಲಸದ ಹೊರೆ ಹೆಚ್ಚಿರುವುದರಿಂದ ಎರಡನೆಯ ಅರ್ಜಿಯನ್ನೂ ತಿರಸ್ಕರಿಸಲಾಗಿದೆ.

೭. ಗುರುವಾರ ಬೆಳಿಗ್ಗೆ ಬೋಜಪ್ಪನವರು ಮದುವೆಯ ಕಪ್ಪು ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಬೆನ್ನಿಗೆ ಒಡಿಕತ್ತಿ ಸಿಕ್ಕಿಸಿಕೊಂಡು ಕರ್ತವ್ಯಕ್ಕೆ ಹಾಜರಾದರು. ಕಚೇರಿಯ ಉಡುಪಿನ ನಿಯಮದಲ್ಲಿ ಕತ್ತಿಯ ಬಗ್ಗೆ ಏನೂ ಹೇಳಿಲ್ಲವಾದ್ದರಿಂದ ಏನೂ ಹೇಳಲಾಗಲಿಲ್ಲ. ನಿಶ್ಮಿತಾ ಅವರು ಲಾಗಿನ್ ಆದರು, ‘ಸರದಿ’ ಶುರುವಾಯಿತು, ಬೋಜಪ್ಪನವರು ಎದ್ದು ನಿಂತು ‘ಹೌದು’ ಎಂದರು. ಆ ಧ್ವನಿಗೆ ಎದುರಿನ ಹೋಟೆಲಿನವನೂ ಹೊರಗೆ ಬಂದು ನೋಡಿರುತ್ತಾನೆ. ಆಮೇಲೆ ಅವರು ಕುರ್ಚಿಯಲ್ಲಿ ಕುಳಿತು ಗೋಡೆಯ ಗಡಿಯಾರವನ್ನೇ ನೋಡತೊಡಗಿದರು.

೮. ಅಷ್ಟರಲ್ಲಿ ವರನ ಕಡೆಯ ಬಸ್ಸುಗಳು ವಾಲಗದ ಸಮೇತ ಕಚೇರಿಯ ಅಂಗಳಕ್ಕೆ ಬಂದು ನಿಂತವು. ಪೊನ್ನಮ್ಮನವರು ಇಳಿದು ಬಂದು ಅಣ್ಣನನ್ನು ಮಾತನಾಡಿಸಲಿಲ್ಲ, ಅಧಿಕಾರಿಗಳನ್ನೂ ಮಾತನಾಡಿಸಲಿಲ್ಲ. ನೇರವಾಗಿ ಟೋಕನ್ ಹಿಡಿದು ಬೆಂಚಿನಲ್ಲಿ ಕುಳಿತವರ ಹತ್ತಿರ ಹೋಗಿ, ಎಲ್ಲರಿಗೂ ಸೀಟಿದೆ, ಊಟಕ್ಕೆ ಕಡಂಬುಟ್ಟು, ಪಂದಿಕರಿ ಎಲ್ಲ ಇದೆ, ಸಂಜೆ ಇದೇ ಅಂಗಳಕ್ಕೆ ತಂದು ಬಿಡುತ್ತೇವೆ ಎಂದು ಆಹ್ವಾನಿಸಿದರು. ‘ಸರದಿ’ಯು ಟೋಕನ್ ಒಂದನ್ನು ಮತ್ತೊಮ್ಮೆ ಕೂಗಿದಾಗ ಒಂದನೆಯವರು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿದ್ದರು. ಎರಡನ್ನು ಕೂಗಿದಾಗ ಬೆಂಚಿನಲ್ಲಿ ಯಾರೂ ಇರಲಿಲ್ಲ.

೯. ಸಾರ್ವಜನಿಕರಿಲ್ಲದ ಕೌಂಟರಿನಲ್ಲಿ ಕುಳಿತಿರುವುದು ಕರ್ತವ್ಯಲೋಪವೆಂದು ಹಿಂದಿನ ತಪಾಸಣೆಯಲ್ಲಿ ಸ್ವತಃ ಪರಮೇಶಪ್ಪನವರೇ ಬರೆದಿರುತ್ತಾರೆ. ಪೊನ್ನಮ್ಮನವರು ಬಾಗಿಲಿಗೆ ಬಂದು, “ನಿಮ್ಮ ಜನ ಎಲ್ಲ ನಮ್ಮ ಬಸ್ಸಲ್ಲಿದ್ದಾರೆ ಸಾರ್. ಅವರ ಕೆಲಸ ಮಾಡೋರನ್ನೂ ಕಳಿಸ್ತೀರಾ, ಇಲ್ಲ ಇಲ್ಲೇ ಕೂರಿಸ್ಕೊಳ್ತೀರಾ?” ಎಂದು ಸ್ಪಷ್ಟೀಕರಣ ಕೋರಿದರು. ಪರಮೇಶಪ್ಪನವರು ಖಾಲಿ ಬೆಂಚನ್ನೂ, ತುಂಬಿದ ಬಸ್ಸುಗಳನ್ನೂ, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ ಬೋಜಪ್ಪನವರನ್ನೂ ನೋಡಿದರು. ಟೋಕನ್ ಇರುವ ಸಾರ್ವಜನಿಕರು ಎಲ್ಲಿರುವರೋ ಕಚೇರಿಯ ಸಿಬ್ಬಂದಿಯೂ ಅಲ್ಲಿರತಕ್ಕದ್ದೆಂದು ಮೌಖಿಕವಾಗಿ ಆದೇಶಿಸಿದ್ದು, ಅದನ್ನು ಈ ಮೂಲಕ ಲಿಖಿತವಾಗಿ ದೃಢೀಕರಿಸಲಾಗಿದೆ.

೧೦. ಆದಕಾರಣ ಬೋಜಪ್ಪನವರು ಶ್ರೀಮಂಗಲದಲ್ಲಿ ಬಾಳೆ ಕಡಿದದ್ದು ಪೂರ್ಣಾವಧಿಯ ಕರ್ತವ್ಯವೆಂದು ಪರಿಗಣಿಸಲ್ಪಡುತ್ತದೆ. ದಿಂಡುಗಳು ಒಂದೊಂದೇ ಏಟಿಗೆ ಬಿದ್ದವು. ಕಡಿಯುವ ಮುನ್ನ ಅವರು ಯಾರ ಒಪ್ಪಿಗೆಯನ್ನೂ ಕೇಳಿರುವುದಿಲ್ಲ, ಕೇಳಬೇಕೆಂದು ಅಲ್ಲಿದ್ದ ಯಾರಿಗೂ ಅನಿಸಿರುವುದೂ ಇಲ್ಲ. ಪೊನ್ನಮ್ಮನವರು ಮಗನಿಗಿಂತ ಮೊದಲು ಅಣ್ಣನ ಕೈ ಹಿಡಿದು ಒಳಗೆ ಕರೆದೊಯ್ದರು. ರಜೆಯ ಅಗತ್ಯವೇ ಉದ್ಭವಿಸದ ಕಾರಣ ಎರಡೂ ಅರ್ಜಿಗಳನ್ನು ಮುಕ್ತಾಯಗೊಳಿಸಲಾಗಿದೆ.

೧೧. ಖಾಲಿ ಕಚೇರಿಯಲ್ಲಿ ‘ಸರದಿ’ಯು ತಾನಾಗಿಯೇ ಟೋಕನ್ ಕೂಗುತ್ತಿರುವುದಾಗಿ ಹೋಟೆಲಿನವರು ಫೋನ್ ಮಾಡಿರುತ್ತಾರೆ. ಕೂಗಲಿ.

(ಸಹಿ/-)
ಪರಮೇಶಪ್ಪ
ವಲಯ ಅಧಿಕಾರಿ, ನಾಪೋಕ್ಲು
ಶಿಬಿರ: ಶ್ರೀಮಂಗಲ, ಮದುವೆ ಮಂಟಪ (ಸಸ್ಯಾಹಾರಿ ಪಂಕ್ತಿ)

ಪ್ರತಿಗಳು:
೧. ಶ್ರೀ ಬೋಜಪ್ಪನವರಿಗೆ, ಕುಣಿತ ಮುಗಿದ ನಂತರ ನೀಡುವುದು.
೨. ಕು. ನಿಶ್ಮಿತಾ ಅವರಿಗೆ, ನಾಳೆ ಬೆಳಿಗ್ಗೆ ತಪ್ಪದೆ ಲಾಗಿನ್ ಆಗುವ ಸೂಚನೆಯೊಂದಿಗೆ.
೩. ಸಣ್ಣಸ್ವಾಮಿಯವರಿಗೆ, ಎರಡನೆಯ ಪಂಕ್ತಿಯಲ್ಲಿ ಹುಡುಕಿ ಕೊಡುವುದು, ಸಿಗದಿದ್ದರೆ ಮೂರನೆಯದರಲ್ಲಿ.
೪. ಟೋಕನ್ ಹೊಂದಿರುವ ಎಲ್ಲ ಸಾರ್ವಜನಿಕರಿಗೆ, ಬಸ್ಸಿನಲ್ಲಿ ಓದಿ ಹೇಳುವುದು.
೫. ಶ್ರೀಮತಿ ಪೊನ್ನಮ್ಮನವರಿಗೆ, ಮಾಹಿತಿಗಾಗಿ. ಪಾಯಸ ಇನ್ನೊಂದು ಸಲ ಬಡಿಸಬಹುದೆಂದು ತಿಳಿಸಲಾಗಿದೆ.