ತಂಗಿ ಮನೆಯ ಗ್ರಾಫಿಕ್ಸ್ ಕಾರ್ಡು

ಹೊಟ್ಟೆಕಿಚ್ಚು ಅಂದರೇನೆಂದೇ ಗೊತ್ತಿಲ್ಲ ಎನ್ನುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಂಥವರಿಗೆ ಬಹುಶಃ ತಂಗಿಯರಿರುವುದಿಲ್ಲ. ಇದ್ದರೂ ಆ ತಂಗಿಯರು ಮುಂಬಯಿ ಪಕ್ಕದ ವಾಶಿಯಲ್ಲಿರುವುದಿಲ್ಲ. ನನಗೊಬ್ಬಳು ತಂಗಿಯಿದ್ದಾಳೆ, ಸುಧಾ. ಅವಳಿರುವುದು ವಾಶಿಯಲ್ಲೇ. ನಾನು ಡೊಂಬಿವಲಿಯಲ್ಲಿ. ಅವಳ ಕಟ್ಟಡಕ್ಕೆ ಲಿಫ್ಟ್ ಇದೆ, ನಮ್ಮದಕ್ಕೆ ನಾಲ್ಕು ಮಹಡಿ ಮೆಟ್ಟಿಲಿದೆ. ಅವಳಿಗೆ ಬೇಕೆಂದಾಗ ನೀರು ಬರುತ್ತದೆ. ನಮ್ಮಲ್ಲಿ ನೀರಿಗೆ ಬೇಕೆಂದಾಗ ನಾವು ಹೋಗಿ ನಿಲ್ಲಬೇಕು. ಅವಳ ಕೂದಲು ಇನ್ನೂ ಕಪ್ಪಗಿದೆ, ಮತ್ತು ಅದು ಬಣ್ಣವಲ್ಲ. ನಾನು ಹತ್ತಿರದಿಂದ ನೋಡಿದ್ದೇನೆ. ಇದನ್ನೆಲ್ಲ ನಾನು ವರ್ಷಗಟ್ಟಲೆ ನಗುನಗುತ್ತಾ ಸಹಿಸಿಕೊಂಡು ಬಂದವಳು. ಆದರೆ ನಲವತ್ತಾರನೆಯ ವಯಸ್ಸಿನಲ್ಲಿ, ಠಾಣೆ ಪಟ್ಟಣದ ಕಚೇರಿಯೊಂದರಲ್ಲಿ ಹಿರಿಯ ಗುಮಾಸ್ತೆ ಎನಿಸಿಕೊಂಡ ಮೇಲೆ, ಅವಳ ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಗೇಣುದ್ದದ ಒಂದು ಹಲಗೆಗಾಗಿ ನಾನು ನಿದ್ದೆಗೆಡುತ್ತೇನೆಂದು ಅಂದುಕೊಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಅಪ್ಪ. ಉಡುಪಿಯ ಕಡೆಯಿಂದ ಹದಿನೆಂಟರ ಪ್ರಾಯದಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಒಂದು ಕಂಪನಿಯಲ್ಲಿ ಟಪಾಲು ವಿಭಾಗದ ಗುಮಾಸ್ತರಾಗಿ ಸೇರಿ, ನಿವೃತ್ತರಾಗುವವರೆಗೂ ಡೊಂಬಿವಲಿಯಿಂದ ವೀಟಿ ಸ್ಟೇಷನ್ನಿಗೆ ಲೋಕಲ್ ರೈಲಿನಲ್ಲಿ ಓಡಾಡಿದವರು. ಓಡಾಡಿದವರು ಎನ್ನುವುದಕ್ಕಿಂತ ನಿಂತವರು ಎನ್ನಬೇಕು. ಅಷ್ಟು ವರ್ಷ ನಿಂತು ನಿಂತು ಅವರಿಗೆ ರೈಲು ಓಡಿಸುವವರ ಮೇಲೆ ಒಂದು ಅಭಿಪ್ರಾಯ ಬಂದುಬಿಟ್ಟಿತ್ತು. ಮನೆಗೆ ಬಂದವರು ಚಪ್ಪಲಿ ಬಿಚ್ಚುವ ಮೊದಲೇ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದರು: "ಇವತ್ತಿನವನಿಗೆ ಬ್ರೇಕು ಹಾಕ್ಲಿಕ್ಕೇ ಗೊತ್ತಿಲ್ಲ ಮಾರಾಯ್ತಿ. ಮುಂಬ್ರದಲ್ಲಿ ಎಂಥ ಜರ್ಕು! ನಾನಾಗಿದ್ರೆ ಹೂವಿನ ಹಾಗೆ ನಿಲ್ಲಿಸ್ತಿದ್ದೆ." ಅಮ್ಮ ಈಗಿಲ್ಲ. ಅಪ್ಪ ನಮ್ಮ ಜೊತೆಯಲ್ಲೇ ಇದ್ದರು, ಭಾನುವಾರಕ್ಕೊಮ್ಮೆ ವಾಶಿಗೆ ಹೋಗಿ ಸುಧಾಳ ಮನೆಯಲ್ಲಿ ಊಟ ಮಾಡಿ ಸಂಜೆಗೆ ಬರುತ್ತಿದ್ದರು. ಇದು ನನಗೆ ಒಪ್ಪಿಗೆಯಾದ ಏರ್ಪಾಡಾಗಿತ್ತು. ವಾರಕ್ಕೆ ಆರು ದಿನ ನನ್ನವು, ಒಂದು ದಿನ ಅವಳದು.

ಆ ವರ್ಷ ಸುಧಾಳ ಗಂಡ ಪ್ರಭಾಕರ ಹೊಸ ಕಂಪ್ಯೂಟರ್ ತಂದ. ಅದರಲ್ಲಿ ರೈಲು ಓಡಿಸುವ ಒಂದು ಆಟ. ಯಾವುದೋ ಹಿಮದ ದೇಶದ ರೈಲು. ಗುಡ್ಡ, ಸೇತುವೆ, ಬಿಳಿಯಾದ ಮರಗಳು. ಅಪ್ಪ ಅದಕ್ಕೆ ಕರ್ಜತ್ ಲೋಕಲ್ ಎಂದು ಹೆಸರಿಟ್ಟು, ಮಂಜು ಹೊದ್ದ ಮೊದಲ ನಿಲ್ದಾಣವನ್ನು ನಮ್ಮ ಲೈನಿನ ದಿವಾ ಎಂದು ಕರೆದು, ಓಡಿಸಲು ಕುಳಿತರು. ಕುಳಿತವರು ಏಳಲಿಲ್ಲ. ಭಾನುವಾರದ ಭೇಟಿ ಶನಿವಾರಕ್ಕೆ ಶುರುವಾಯಿತು. ಆಮೇಲೆ ಶುಕ್ರವಾರಕ್ಕೆ. ವಾಪಸು ಬರುವುದು ಸೋಮವಾರ, ಆಮೇಲೆ ಮಂಗಳವಾರ. ಒಂದು ದಿನ ಬಿಪಿ ಮಾತ್ರೆಯ ಡಬ್ಬಿ ಪೂರ್ತಿಯಾಗಿ ಚೀಲಕ್ಕೆ ಹೋಯಿತು. ಮುಂದಿನ ಶುಕ್ರವಾರ ಅವರು ತಮ್ಮ ಹಳೆಯ ಬೂರುಗದ ಹತ್ತಿಯ ತಲೆದಿಂಬನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು. ಮನುಷ್ಯ ತಲೆದಿಂಬು ತೆಗೆದುಕೊಂಡು ಹೋದರೆ ಅದಕ್ಕೆ ಭೇಟಿ ಎನ್ನುವುದಿಲ್ಲ.

ನನ್ನ ಗಂಡ ಬಸವರಾಜ ಹುಬ್ಬಳ್ಳಿಯವರು. ಅವರಿಗೆ ಯಾವುದೂ ದೊಡ್ಡದಲ್ಲ. "ಹೋಗ್ಲಿ ಬಿಡ. ಮಗಳ ಮನೀಗಿ ಹೋಗ್ಯಾರ, ಪಾಕಿಸ್ತಾನಕ್ಕ ಹೋಗಿಲ್ಲ" ಎಂದರು. ನನಗೆ ಪಾಕಿಸ್ತಾನವೇ ವಾಸಿ ಎನಿಸಿತು.

ನಮ್ಮ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಐದಾರು ವರ್ಷಗಳ ಹಿಂದೆ ಠಾಣೆಯ ಒಂದೇ ಅಂಗಡಿಯಲ್ಲಿ, ಒಂದೇ ದಿನ, ನಾನೂ ಸುಧಾಳೂ ಒಂದೇ ಥರದ್ದನ್ನು ಜೋಡಿಸಿಕೊಂಡು ತಂದಿದ್ದೆವು. ಅವಳು ಅದನ್ನು ಮೂಲೆಗೆ ಹಾಕಿ ಹೊಸದು ತಂದಳು; ನಾನು ಅದರ ಮೇಲೆ ಕ್ರೋಶಾ ಹೆಣಿಗೆಯ ಹೊದಿಕೆ ಹಾಕಿ ಇಟ್ಟುಕೊಂಡಿದ್ದೆ. ಪ್ರಭಾಕರನಿಂದ ಆಟದ ಸಿ.ಡಿ. ಕೇಳಿ ತಂದು ನಮ್ಮದರಲ್ಲೂ ಹಾಕಿಸಿದೆ. ಅಪ್ಪನನ್ನು ಕರೆದು ಕೂರಿಸಿದೆ. ರೈಲು ಹೊರಟಿತು, ಆದರೆ ಹಳಿ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಳಿ ಬಂತು, ಅಷ್ಟರಲ್ಲಿ ರೈಲು ನಿಂತಿತ್ತು. ಗುಡ್ಡಗಳು ತುಂಡು ತುಂಡಾಗಿ ಒಂದೊಂದೇ ಬಂದು ಸೇರಿದವು. ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಮುಖವಿರಲಿಲ್ಲ. ಅಪ್ಪ ತಾಳ್ಮೆಯಿಂದ ಒಂದು ಗಂಟೆ ಕುಳಿತು ಅರ್ಧ ಸೇತುವೆ ದಾಟಿದರು. ನಂತರ ಕನ್ನಡಕ ತೆಗೆದು ಒರೆಸುತ್ತಾ, ನನ್ನ ಮನಸ್ಸಿಗೆ ನೋವಾಗಬಾರದೆಂದು ಮೆತ್ತಗೆ ಹೇಳಿದರು: "ಅಡ್ಡಿಲ್ಲ ಮಗಾ. ನಿಂದು ಸ್ಲೋ ಲೋಕಲ್, ಸುಧನದ್ದು ಫಾಸ್ಟ್. ಎರಡೂ ಬೇಕಲ್ಲ ಜನಕ್ಕೆ."

ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಕಚೇರಿಯಲ್ಲಿ ವಿಚಾರಿಸಿದಾಗ, ಇಂಥ ಆಟಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು, ಚಿತ್ರ ಬಿಡಿಸುವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ, ಹಳೆಯದೇ ಸಿಕ್ಕಿದರೂ ಸಾಕು ಎಂದರು. ಮಧ್ಯಾಹ್ನದ ಊಟದ ಬಿಡುವಿನಲ್ಲೇ ಹೋಗಿ, ಠಾಣೆ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಉಪಯೋಗಿಸಿದ ಕಾರ್ಡೊಂದನ್ನು ಕೊಂಡುತಂದೆ. ನಾನು ಸೀರೆಗೆ ರವಿಕೆ ಕಣ ತರುವಾಗ ಸೀರೆಯ ತುದಿಯನ್ನು ಹಿಡಿದುಕೊಂಡು ಹೋಗಿ, ಅಂಗಡಿಯ ದೀಪದ ಬೆಳಕನ್ನೂ ನಂಬದೆ ಬೀದಿಗೆ ತಂದು ಬಿಸಿಲಿನಲ್ಲಿ ಹೊಂದಿಸಿ ನೋಡುವವಳು. ಅಂಥವಳು ಈ ಕಾರ್ಡನ್ನು ಕಣ್ಣು ಮುಚ್ಚಿ ತಂದೆ. ಹೊಟ್ಟೆ ಉರಿಯುತ್ತಿದ್ದಾಗ ಕಣ್ಣು ಕಾಣುವುದಿಲ್ಲ. ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿ ತುರುಕಿದರೆ ಅದು ಕೂರಲಿಲ್ಲ. ಬಸವರಾಜ ಒಂದು ಕಡೆಯಿಂದ ಒತ್ತಿದರು, ನಾನು ಇನ್ನೊಂದು ಕಡೆಯಿಂದ. ಕೊನೆಗೆ ಅವರು "ಇದು ಆ ಮನಿ ಸೊಸಿ ಅಲ್ಲ, ಬಿಡ" ಎಂದು ಕೈ ಒರೆಸಿಕೊಂಡರು.

ಮರುದಿನ ಕಾರ್ಡು ವಾಪಸು ಒಯ್ದಾಗ ಅಂಗಡಿಯವನು, "ಮೇಡಮ್, ಸ್ಲಾಟ್ ಕೌನ್ಸಾ ಹೈ? ಪುರಾನಾ ಯಾ ನಯಾ?" ಎಂದು ಕೇಳಿದ. ಕಾರ್ಡು ಕೂರುವ ಸೀಳಿಗೆ ಸ್ಲಾಟ್ ಎನ್ನುತ್ತಾರೆಂದೂ ಅದರಲ್ಲಿ ಹಳೆಯ ಕಾಲದ್ದು, ಹೊಸ ಕಾಲದ್ದು ಎಂದು ಜಾತಿಯಿದೆಯೆಂದೂ ಒಂದರದ್ದು ಇನ್ನೊಂದಕ್ಕೆ ಕೂರದೆಂದೂ ಆಗ ತಿಳಿಯಿತು. ನಾನು ನಮ್ಮ ಸೀಳಿನ ಆಕಾರವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವನು ನನ್ನ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಕ್ಯಾಬಿನೆಟ್ಟನ್ನೇ ತಂದುಬಿಡಿ ಎಂದ.

ಬೆಳಗಿನ ಹೊತ್ತು ಡೊಂಬಿವಲಿಯಿಂದ ಲೋಕಲ್ ಹತ್ತುವುದೇ ಒಂದು ಸಾಹಸ. ನಾನು ಕ್ಯಾಬಿನೆಟ್ಟನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಎದೆಗವಚಿಕೊಂಡು ಹೆಂಗಸರ ಡಬ್ಬಿಗೆ ನುಗ್ಗಿದೆ. ಮೊದಲು ಬೈದರು. ಆಮೇಲೆ ಏನದು ಎಂದು ಕೇಳಿದರು. ದಿನಾ ಜೊತೆಗೆ ಹೋಗುವ ನಮ್ಮ ಗುಂಪಿನ ಮೇಧಾತಾಯಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ, "ಕಾಯ್ ಗಂ, ಘರ್ ಸೋಡೂನ್ ಚಾಲಲೀಸ್ ಕಾ?" ಎಂದರು, ಗಂಟು ಕಟ್ಟಿಕೊಂಡು ಮನೆ ಬಿಟ್ಟು ಹೊರಟೆಯಾ ಎಂದು. ನಾನು ವಿಷಯ ಹೇಳಿದೆ. ತಂಗಿ, ಅಪ್ಪ, ತಲೆದಿಂಬು ಎಲ್ಲವನ್ನೂ. ಅಲ್ಲಿದ್ದ ಪ್ರತಿಯೊಬ್ಬಳಿಗೂ ಎಲ್ಲೋ ಒಬ್ಬ ತಂಗಿಯೋ ಓರಗಿತ್ತಿಯೋ ಇದ್ದಿರಬೇಕು. "ಇಕಡೆ ದೇ" ಎಂದು ಒಬ್ಬಳು ಕೈ ಚಾಚಿದಳು. ಗಂಟು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ಹಸುಗೂಸಿನಂತೆ ಸಾಗಿ, ಮೂವರು ಕೂರುವ ಸೀಟಿನ ತುದಿಯ ನಾಲ್ಕನೆಯ ಜಾಗದಲ್ಲಿ ಕುಳಿತಿತು. ಇಪ್ಪತ್ತು ವರ್ಷಗಳಲ್ಲಿ ನನಗೆ ಆ ಹೊತ್ತಿಗೆ ಸಿಗದ ಫೋರ್ತ್ ಸೀಟ್ ಅದಕ್ಕೆ ಸಿಕ್ಕಿತು. ನಾನು ಠಾಣೆಯವರೆಗೆ ನಿಂತೇ ಇದ್ದೆ, ಅದರ ಕಡೆ ನೋಡುತ್ತಾ. ಅದರ ಮೇಲೂ ನನಗೆ ಸ್ವಲ್ಪ ಅಸೂಯೆಯಾಯಿತು ಎಂದರೆ ನೀವು ನಗಬಾರದು.

ಠಾಣೆಯ ಅಂಗಡಿಯವನು ಕ್ಯಾಬಿನೆಟ್ ತೆರೆದ. ಒಳಗಿನಿಂದ ಎರಡು ಜಿರಳೆ ಹೊರಗೆ ಬಂದವು. ಅವನು, ಇದು ಹಳೇ ಸ್ಲಾಟು, ಇದರ ಮಾಲು ಬರುವುದೇ ನಿಂತಿದೆ, ಕಲ್ಯಾಣದಲ್ಲಿ ಜೋಶಿಕಾಕಾ ಎಂಬವರು ಹಳೇ ಸಾಮಾನು ಇಟ್ಟಿದ್ದಾರೆ, ಅಲ್ಲಿ ನೋಡಿ ಎಂದು ಕಳಿಸಿದ. ಶನಿವಾರ ಗಂಟಿನ ಸಮೇತ ಕಲ್ಯಾಣಕ್ಕೆ ಹೋದೆ. ಜೋಶಿಕಾಕಾ ಟೆಲಿಫೋನ್ ರಿಪೇರಿ ಕೆಲಸದಿಂದ ನಿವೃತ್ತರಾದವರು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಅಕ್ಕಿ ಅಂಗಡಿಯ ಪಕ್ಕದಲ್ಲಿ, ಹಳೆಯ ಕೀಬೋರ್ಡುಗಳ ರಾಶಿಯ ನಡುವೆ ಕುಳಿತಿದ್ದರು. ಅವರ ಬಳಿ ನಮ್ಮ ಸ್ಲಾಟಿಗೆ ಹೊಂದುವ ಕಾರ್ಡು ಒಂದೇ ಒಂದು ಇತ್ತು. ಹಾಕಿದರು. ಸರಿಯಾಗಿ ಕೂತಿತು. ಸ್ವಿಚ್ಚು ಹಾಕಿದರು. ಪರದೆಯ ತುಂಬ ಮೇಲಿಂದ ಕೆಳಗೆ ಹಸಿರು ಗೆರೆಗಳು ಬಂದವು. ಇದು ಯಾರದೋ ಮನೆಯಲ್ಲಿ ಮಳೆನೀರು ಕುಡಿದ ಕಾರ್ಡು ಎಂದು ಅವರೇ ಒಪ್ಪಿಕೊಂಡು ತೆಗೆದಿಟ್ಟರು. ಚಹಾ ತರಿಸಿದರು. ಆಮೇಲೆ ಮರಾಠಿಯಲ್ಲಿ ಹೇಳಿದರು: "ನೋಡಿ ತಾಯಿ, ಈ ಕಾರ್ಡು ಅಂಗಡಿಯಲ್ಲಿ ಸಿಗುವ ಕಾಲ ಮುಗಿಯಿತು. ಆಗ ನಿಮ್ಮ ಜೊತೆ ಇಂಥದೇ ಮಷೀನು ಕೊಂಡವರು ಯಾರಾದರೂ ನೆಂಟರಿದ್ದರೆ, ಅವರ ಮನೆಯ ಅಟ್ಟ ನೋಡಿ."

ನೆಂಟರು! ನೆನಪಾಯಿತು. ಪ್ರಭಾಕರ ತನ್ನ ಹಳೆಯ ಕಂಪ್ಯೂಟರಿಗೆ ಎಂದೋ ಒಂದು ಕಾರ್ಡು ಹಾಕಿಸಿದ್ದ. ಆ ಕಂಪ್ಯೂಟರ್ ಈಗಲೂ ವಾಶಿಯ ಅವರ ಬಚ್ಚಲಮನೆಯ ಮೇಲಿನ ಅಟ್ಟದಲ್ಲಿತ್ತು. ಹದಿನೈದು ದಿನ ನಾನು ಕೇಳಲಿಲ್ಲ. ಚಿಕ್ಕವರಿದ್ದಾಗ ಅಪ್ಪ ಕೆಲಸದಿಂದ ಬರುವಾಗ ಅವರ ಕೈಚೀಲ ತೆಗೆದುಕೊಳ್ಳಲು ನಾವಿಬ್ಬರೂ ಚಾಳಿನ ಗೇಟಿಗೆ ಓಡುತ್ತಿದ್ದೆವು. ಸಣಕಲಿ ಸುಧಾ ಪ್ರತಿದಿನ ಮೊದಲು ತಲುಪುತ್ತಿದ್ದಳು. ಒಂದು ದಿನ ನಾನವಳ ಲಂಗ ಹಿಡಿದು ಎಳೆದೆ. ಬಿದ್ದು ಮಂಡಿ ತರಚಿಸಿಕೊಂಡಳು. ಯಾರು ಬೀಳಿಸಿದ್ದು ಎಂದು ಅಮ್ಮ ಕೇಳಿದಾಗ "ನಾನೇ ಬಿದ್ದೆ" ಎಂದಳು. ಆ ಒಳ್ಳೆಯತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಂಥವಳ ಮುಂದೆ ಹೋಗಿ ಕೈ ಚಾಚುವುದೇ?

ಆದರೆ ಮಂಗಳವಾರ ಬರಬೇಕಾದ ಅಪ್ಪ ಗುರುವಾರವಾದರೂ ಬರದಿದ್ದಾಗ ನಾನು ವಾಶಿಗೆ ಹೋದೆ. ಅಪ್ಪ ಕಂಪ್ಯೂಟರಿನ ಮುಂದಿದ್ದರು. ನನ್ನನ್ನು ನೋಡಿ, "ಬಾ ಬಾ, ಒಂದು ನಿಮಿಷ, ಸಿಗ್ನಲ್ ಉಂಟು" ಎಂದರು. ನಾನು ಅಡುಗೆಮನೆಗೆ ಹೋಗಿ, ನೀರುದೋಸೆ ಎರೆಯುತ್ತಿದ್ದ ಸುಧಾಳ ಬೆನ್ನಿಗೆ ಹೇಳಿದೆ: "ನಿಮ್ಮ ಹಳೇ ಕಂಪ್ಯೂಟರಿನ ಆ ಕಾರ್ಡು... ಬೇಕಾಗಿಲ್ಲದಿದ್ರೆ..."

ಅವಳು ಸಟ್ಟುಗ ಹಿಡಿದುಕೊಂಡೇ ತಿರುಗಿದಳು. "ಅಯ್ಯೋ ಅಕ್ಕಾ, ಇಷ್ಟಕ್ಕಾ? ಅಲ್ಲಿ ಮೇಲೆ ಧೂಳು ತಿಂತಾ ಬಿದ್ದುಕೊಂಡುಂಟು. ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ? ರೀ, ಇಲ್ಲಿ ಬನ್ನಿ, ಅಕ್ಕನಿಗೆ ಅದು ಬಿಚ್ಚಿ ಕೊಡಿ!"

ಒಂದು ಕ್ಷಣವೂ ಯೋಚಿಸಲಿಲ್ಲ ಅವಳು. ಸ್ವಲ್ಪವಾದರೂ ಬಿಂಕ ಮಾಡಿದ್ದರೆ, ಗಂಡನನ್ನು ಕೇಳಿ ಹೇಳುತ್ತೇನೆ ಎಂದಿದ್ದರೆ, ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಪ್ರಭಾಕರ ಸ್ಟೂಲು ಹತ್ತಿ ಕಾರ್ಡು ಬಿಚ್ಚಿದ. ಅಷ್ಟೇ ಅಲ್ಲ, ನಿಮ್ಮ ಕಂಪ್ಯೂಟರಿಗೆ ಕರೆಂಟು ಸಾಲದೆ ಹೋಗಬಹುದು ಅಕ್ಕ ಎಂದು ಅದರ ಪವರ್ ಸಪ್ಲೈ ಡಬ್ಬಿಯನ್ನೂ ಬಿಚ್ಚಿಕೊಂಡು, ಭಾನುವಾರ ತಾನೇ ಡೊಂಬಿವಲಿಗೆ ಬಂದು ನಾಲ್ಕು ಮಹಡಿ ಹತ್ತಿ ಎಲ್ಲವನ್ನೂ ಜೋಡಿಸಿಕೊಟ್ಟ. ಜೊತೆಗೆ ಸುಧಾ ಕಳಿಸಿದ ಪತ್ರೊಡೆಯ ಡಬ್ಬಿ. ಪತ್ರೊಡೆ ಚೆನ್ನಾಗಿತ್ತು. ಅದೂ ನನ್ನದಕ್ಕಿಂತ.

ರೈಲು ಓಡಿತು. ಹಳಿ, ಗುಡ್ಡ, ಹಿಮ, ಎಲ್ಲ ಹೇಳಿದ ಹೊತ್ತಿಗೆ ಬಂದವು. ಪ್ಲಾಟ್‌ಫಾರ್ಮಿನ ಜನರಿಗೆ ಮೂಗು ಕಣ್ಣು ಬಂದವು. ಅಪ್ಪ ಬಂದರು, ತಲೆದಿಂಬೂ ಬಂತು. ಒಂದು ವಾರ ನಾನು ಕಚೇರಿಯಿಂದ ಮನೆಗೆ ಹಾಡಿಕೊಳ್ಳುತ್ತಾ ಬಂದೆ. ಆದರೆ ನೆರೆಹೊರೆಯವರು ನೋಡಲು ಬಂದಾಗಲೆಲ್ಲ ಅಪ್ಪ ಕ್ಯಾಬಿನೆಟ್ಟನ್ನು ತಟ್ಟಿ, "ಇದರ ಒಳಗೆ ಇರುವುದು ನಮ್ಮ ಸುಧನ ಕಾರ್ಡು. ಅವಳು ಕೊಟ್ಟದ್ದು" ಎನ್ನತೊಡಗಿದರು. ಹಾಲಿನವನಿಗೂ ಹೇಳಿದರು. ನನ್ನ ಮನೆಯಲ್ಲಿ ಕುಳಿತು, ನನ್ನ ಕುರ್ಚಿಯಲ್ಲಿ, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಾ. ಬಸವರಾಜ ಪೇಪರಿನ ಹಿಂದೆ ನಗುವುದು ನನಗೆ ಕೇಳಿಸುತ್ತಿತ್ತು.

ಮೂರು ವಾರದ ಮೇಲೆ ಸುಧಾ ಫೋನ್ ಮಾಡಿದಳು. "ಅಕ್ಕಾ, ಅಪ್ಪ ಈ ಕಡೆ ಬರುದೇ ಇಲ್ಲ ಅಲ್ಲಾ? ನೀನು ಎಂತ ಮಾಡಿ ಹಾಕ್ತಿದ್ದೀ ಅವರಿಗೆ?" ಎಂದು ನಕ್ಕಳು. ಆ ನಗುವಿನ ಕೊನೆಯಲ್ಲಿ ಧ್ವನಿ ಸ್ವಲ್ಪ ಜಾರಿತು. ಆ ಜಾರುವಿಕೆ ನನಗೆ ಚೆನ್ನಾಗಿ ಗೊತ್ತು. ಎರಡು ತಿಂಗಳು ನಾನೇ ಅದನ್ನು ಸಾಕಿದ್ದೆ. ನನಗೆ ಪಾಪ ಎನಿಸಬೇಕಿತ್ತು. ಎನಿಸಿತು ಕೂಡ, ಆದರೆ ಅದಕ್ಕೆ ಮೊದಲು, ಸತ್ಯ ಹೇಳುತ್ತೇನೆ, ಎಳನೀರು ಕುಡಿದ ಹಾಗೆ ತಣ್ಣಗಾಯಿತು. ಆ ತಣ್ಣಗಾದದ್ದಕ್ಕೆ ನಾಚಿಕೆಯಾಗಿ, ಶುಕ್ರವಾರ ನಾನೇ ಅಪ್ಪನ ಚೀಲ ತುಂಬಿ, ಠಾಣೆಯವರೆಗೆ ಜೊತೆಗೆ ಹೋಗಿ ವಾಶಿ ರೈಲು ಹತ್ತಿಸಿ ಬಂದೆ.

ಮನೆ ಖಾಲಿಯಾಗಿತ್ತು. ಸುಮ್ಮನೆ ನೋಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತೆ. ರೈಲು ಬಿಟ್ಟೆ. ಒಳ್ಳೆಯ ವೇಗ ಬಂತು. ಕೆಂಪು ದೀಪ ಕಂಡಿತು, ಆದರೆ ಬ್ರೇಕು ಯಾವ ಗುಂಡಿ ಎಂದು ಹುಡುಕುವಷ್ಟರಲ್ಲಿ ಅದು ಹಿಂದೆ ಹೋಗಿತ್ತು. ಅಪ್ಪನ ದಿವಾ ನಿಲ್ದಾಣ ಪೂರ್ತಿಯಾಗಿ ಹಿಂದೆ ಹೋಯಿತು.

ಅಪ್ಪ ಸೋಮವಾರ ಬಂದು ಆಟ ತೆರೆದವರೇ ಕೂಗಿದರು. "ಯಾರು ನನ್ನ ಗಾಡಿ ಮುಟ್ಟಿದ್ದು? ಸಿಗ್ನಲ್ ಹಾರಿಸಿದ್ದು ಬರೆದುಕೊಂಡುಂಟು ಇಲ್ಲಿ! ಸ್ಟೇಷನ್ ಬಿಟ್ಟೇ ಹೋಗಿದ್ದಾರೆ!"

"ಇವರಿರಬೇಕು" ಎಂದು ನಾನು ಬಸವರಾಜರ ಕಡೆ ಕೈ ತೋರಿಸಿದೆ. ಅವರು ಒಳ್ಳೆಯವರು, ತಲೆ ತಗ್ಗಿಸಿದರು.

ಅಪ್ಪ ಅಳಿಯನಿಗೆ ಏನೂ ಅನ್ನಲಾರದೆ ನನ್ನ ಕಡೆ ತಿರುಗಿ, "ಕಲಿಸಿದ್ರೆ ಯಾರಿಗೂ ಬರ್ತದೆ ಮಗಾ. ಸುಧನಿಗೆ ನಾನು ಎರಡೇ ದಿನ ಹೇಳಿಕೊಟ್ಟದ್ದು. ಈಗ ನೋಡಬೇಕು, ಹೂವಿನ ಹಾಗೆ ನಿಲ್ಲಿಸ್ತಾಳೆ" ಎಂದರು.

ಆಮೇಲಿಂದ ಅಪ್ಪ ವಾಶಿಗೆ ಹೋದ ಶುಕ್ರವಾರಗಳಲ್ಲಿ ನಾನು ಕಚೇರಿಗೆ ಅರ್ಧ ದಿನ ರಜೆ ಹಾಕುತ್ತೇನೆ. ತಲೆನೋವು ಎಂದು ಬರೆದುಕೊಟ್ಟು, ಮನೆಗೆ ಬಂದು ಅಪ್ಪನ ಗಾಡಿಗೆ ಬ್ರೇಕು ಹಾಕಲು ಕಲಿಯುತ್ತೇನೆ. ಹೋದ ವಾರ ದಿವಾದಲ್ಲಿ ಎರಡು ಡಬ್ಬಿ ಮಾತ್ರ ಪ್ಲಾಟ್‌ಫಾರ್ಮಿನ ಹೊರಗೆ ನಿಂತವು.