ಎಲುಬು ಅಳೆಯುವ ಮೆಶಿನು

ಬಾವಿಯಿಂದ ನೀರು ಸೇದಿ ಸೇದಿ ರತ್ನಾವತಿಯ ಸೊಂಟ ಹಿಡಿದುಕೊಂಡಿತ್ತು. ಪಂಪು ಹಾಕಿಸಿ ಎಂದಾಗಲೆಲ್ಲ ಗಂಡ ಮಹಾಬಲ ಶೆಟ್ಟರದ್ದು ಒಂದೇ ಮಾತು: "ನಿನ್ನ ಎಲುಬು ಸವೆದದ್ದು ಕಾಗದದಲ್ಲಿ ಬರಲಿ, ಮರುದಿನವೇ ಹಾಕಿಸ್ತೇನೆ."

ಹಾಗಿರುವಾಗ, 1988ರಲ್ಲಿ, ಪೇಟೆಯ ಆಸ್ಪತ್ರೆಯೊಂದಕ್ಕೆ ಎಲುಬಿನ ಸಾಂದ್ರತೆ ಅಳೆಯುವ ಮೆಶಿನು ಬಂತು. ಒಂದೇ ದಿನದ ಮಟ್ಟಿಗೆ. ಬೆಳಿಗ್ಗೆ ಏಳಕ್ಕೇ ರತ್ನಾವತಿ ನಂತೂರಿನಿಂದ ಬಸ್ಸು ಹಿಡಿದು ಬಂದು ಸರದಿಯಲ್ಲಿ ನಿಂತಳು. ಸೊಸೆಯ ನಾಟಕ ಬಯಲಾಗುವುದನ್ನು ಕಣ್ಣಾರೆ ನೋಡಲು ಅತ್ತೆ ಸುಂದರಿ ಶೆಡ್ತಿ ಜೊತೆಗೆ ಬಂದಿದ್ದರು. ಸಲಹೆ ಕೊಡಲು ಪಕ್ಕದ ಮನೆಯ ಸ್ನೇಹಲತಾ.

ಮೆಶಿನು ನಡೆಸುವ ಲ್ಯಾನ್ಸಿ ರತ್ನಾವತಿಯ ಮುಂಗೈ ನೋಡಿದ. "ಬಳೆ ತೆಗೀಬೇಕು ಅಮ್ಮ. ಇದು ಅಳೆಯುವುದು ಮುಂಗೈ ಎಲುಬನ್ನು, ಒಂದು ಕೈ ಖಾಲಿ ಆದ್ರೂ ಸಾಕು. ಚಿನ್ನ ಇದ್ರೆ ಲೆಕ್ಕ ತಪ್ತದೆ."

ಮದುವೆಯ ದಿನ ಏರಿದ ಬಳೆಗಳು ಇಪ್ಪತ್ತೆಂಟು ವರ್ಷಗಳಿಂದ ಇಳಿದಿರಲಿಲ್ಲ. ನಡುವೆ ಕೈ ಬೆಳೆದಿತ್ತು, ಬಳೆ ಬೆಳೆದಿರಲಿಲ್ಲ.

"ಸಾಬೂನು ಹಚ್ಚುವ, ರತ್ನಕ್ಕ," ಎಂದಳು ಸ್ನೇಹಲತಾ.

ಸಾಬೂನಾಯಿತು, ತೆಂಗಿನೆಣ್ಣೆಯೂ ಆಯಿತು. ಸರದಿಯಲ್ಲಿದ್ದ ಹೆಂಗಸರೆಲ್ಲ ಸೇರಿ ಎಳೆದರು. ರತ್ನಾವತಿ ಹಗ್ಗಜಗ್ಗಾಟದ ಹಗ್ಗದಂತೆ ಅತ್ತಿತ್ತ ಹೋಗಿ ಬಂದಳು. ಬಳೆ ಹೆಬ್ಬೆರಳಿನ ಬುಡದ ತನಕ ಬಂದು, ಮನಸ್ಸು ಬದಲಾಯಿಸಿದಂತೆ ಹಿಂದಕ್ಕೆ ಜಾರಿತು.

"ಕತ್ತರಿಸಿಬಿಡುವ," ಎಂದಳು ರತ್ನಾವತಿ, ಪಂಪನ್ನು ನೆನೆದು.

"ಎಂತ? ನನ್ನ ಮಗ ಕಲ್ಲುಗುಂಡಿನ ಹಾಗೆ ಇರುವಾಗ ನೀನು ಬಳೆ ಕತ್ತರಿಸುವುದಾ?" ಅತ್ತೆ ಅಡ್ಡ ನಿಂತರು.

ಗಂಟೆ ಹನ್ನೆರಡಾಯಿತು. "ಎರಡು ಗಂಟೆಗೆ ಮೆಶಿನು ಕಾಸರಗೋಡಿಗೆ ಹೋಗ್ಲಿಕ್ಕೆ ಉಂಟು ಮಾರಾಯ್ರೆ," ಎಂದ ಲ್ಯಾನ್ಸಿ. "ನಿಮ್ಮ ದುಡ್ಡಿನ ಚೀಟಿ ಹರಿದಾಗಿದೆ, ವಾಪಸ್ ಇಲ್ಲ. ಬದಲಿಗೆ ಬೇರೆ ಯಾರಾದ್ರೂ ಕೂತ್ಕೊಳ್ಳಿ."

ವಿಧವೆ ಅತ್ತೆಯ ಕೈ ಬರಿದೇ ಇತ್ತು. "ಚೀಟಿ ಯಾಕೆ ದಂಡ ಮಾಡುವುದು?" ಎನ್ನುತ್ತಾ ಅವರೇ ಹೋಗಿ ಕೂತರು.

ಸ್ವಲ್ಪ ಹೊತ್ತಿನಲ್ಲಿ ವರದಿ ಬಂತು. ಅತ್ತೆಯ ಎಲುಬು ಬಹಳ ಸವೆದಿದೆ. ಭಾರ ಎತ್ತಬಾರದು, ಎರಡು ಹೊತ್ತು ಬಿಸಿನೀರಿನ ಸ್ನಾನ, ಒಳ್ಳೆಯ ವಿಶ್ರಾಂತಿ ಎಂದು ಡಾಕ್ಟರು ಬರೆದುಕೊಟ್ಟರು. ಯಾರ ಎಲುಬಾದರೇನು, ಕಾಗದದಲ್ಲಿ ಬಂತಲ್ಲ ಎಂದು ರತ್ನಾವತಿಗೆ ಒಳಗೊಳಗೇ ಹಿಗ್ಗು. ಹಾಗೆ ಹಿಗ್ಗಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಸಂಜೆ ಮಹಾಬಲ ಶೆಟ್ಟರು ವರದಿಯನ್ನು ಎರಡು ಸಲ ಓದಿದರು.

"ಹಾಗಾದ್ರೆ ಪಂಪು?" ಎಂದಳು ರತ್ನಾವತಿ.

"ಇನ್ನು ಪಂಪು ಹೇಗೆ ಹಾಕಿಸುವುದು? ಬಾವಿ ಇರುವುದೇ ಅಮ್ಮನ ಕಿಟಕಿಯ ಕೆಳಗೆ. ಆ ಸದ್ದಿನಲ್ಲಿ ಅವರಿಗೆ ಎಂತ ವಿಶ್ರಾಂತಿ?"

ಅಷ್ಟು ಹೇಳಿ ಶೆಟ್ಟರು ಅಂಗಳಕ್ಕಿಳಿದು, ಬಾವಿಯ ರಾಟೆಯನ್ನು ಬಿಚ್ಚತೊಡಗಿದರು.

"ಇದೂ ಕಿರುಗುಟ್ಟುತ್ತದೆ. ಇವತ್ತಿನಿಂದ ಕೈಯಲ್ಲೇ ಎಳೆ, ರತ್ನಾ. ಬೇಗ ಆಗಲಿ, ಅಮ್ಮನ ಸ್ನಾನಕ್ಕೆ ಹೊತ್ತಾಯಿತು."