ಕಸ್ಟಮ್ಸ್ ನಾಯಿಗೆ, ಒಗೆಯದ ಶಾಲಿನ ವಿಚಾರವಾಗಿ

ವಿದೇಶಿ ಅಂಚೆ ಕಚೇರಿಯ ಕಸ್ಟಮ್ಸ್ ವಿಭಾಗದಲ್ಲಿ ನಾಲ್ಕೂ ಕಾಲ ಮೇಲೆ ನಿಂತು ಸೇವೆ ಸಲ್ಲಿಸುತ್ತಿರುವ ಮಾನ್ಯ ಶ್ವಾನಮಹಾಶಯರೇ,

ತಮ್ಮ ತಣ್ಣನೆಯ ಮೂಗಿಗೆ ಮೊದಲ ನಮಸ್ಕಾರ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವವರನ್ನು ನಾನು ಎಂದೂ ಸಹಿಸಿದವಳಲ್ಲ. ಆದರೆ ಅದನ್ನೇ ಉದ್ಯೋಗ ಮಾಡಿಕೊಂಡು, ಇಷ್ಟು ಘನತೆಯಿಂದ, ಆಮೇಲೆ ಯಾರ ಕಿವಿಯಲ್ಲೂ ಊದದೆ ನಡೆಸಿಕೊಂಡು ಹೋಗುವವರನ್ನು ಕಂಡದ್ದು ಇದೇ ಮೊದಲು.

ಸೋಮವಾರ ತಾವು ಬೆಲ್ಟಿನ ಮೇಲೆ ಸಾಗುತ್ತಿದ್ದ ಪಾರ್ಸೆಲ್ಲುಗಳನ್ನೆಲ್ಲ ಮೂಸಿ ಮುಂದಕ್ಕೆ ಬಿಟ್ಟು, ನನ್ನದರ ಮುಂದೆ ಮಾತ್ರ ತಪಸ್ಸಿಗೆ ಕುಳಿತಂತೆ ಕುಳಿತುಬಿಟ್ಟಿರಂತೆ. ನನ್ನನ್ನು ಕರೆಸಿ ಬಿಚ್ಚಿಸಿದರು. ಒಳಗಿದ್ದದ್ದು ನಮ್ಮಮ್ಮನ ಹಳೆಯ ಉಣ್ಣೆಯ ಶಾಲು. ಅಮ್ಮ ಅದರ ತುದಿಯಲ್ಲಿ ಬಿಸ್ಕತ್ತು ಗಂಟು ಕಟ್ಟಿಕೊಂಡು ಓಡಾಡಿ, ನಮ್ಮ ಕಣ್ಣು ತಪ್ಪಿಸಿ ಮನೆಯ ನಾಯಿ ದೊರೆಗೆ ತಿನ್ನಿಸುತ್ತಿದ್ದಳು. ಆ ಪುಡಿ ಇನ್ನೂ ಎಳೆಗಳಲ್ಲಿತ್ತು. ಹೋಗಬೇಕಾದ ದೇಶಕ್ಕೆ ತಿನಿಸಿನ ಚೂರೂ ಹೋಗಕೂಡದಂತೆ.

ಅಮ್ಮ ತೀರಿಕೊಂಡ ಮೇಲೆ ದೊರೆಯನ್ನು ತಂಗಿ ತಾನಿರುವ ದೇಶಕ್ಕೆ ಕರೆದೊಯ್ದಳು. ಅಲ್ಲಿ ಅವನು ಬಾಗಿಲಿಗೆ ಮುಖ ಮಾಡಿ ಮಲಗಿದವನು ಊಟ ಮುಟ್ಟುತ್ತಿಲ್ಲ. "ಅಮ್ಮನ ಶಾಲು ಕಳ್ಸೇ ಅಕ್ಕಾ. ಒಗೆದುಗಿಗೆದು ಬಿಟ್ಟೀಯ ಮತ್ತೆ, ನಿನ್ನ ಮಡಿ ಹುಚ್ಚು ಗೊತ್ತು ನಂಗೆ" ಎಂದು ಅವಳು ಫೋನಿನಲ್ಲಿ ಅಳುತ್ತಲೇ ಬೈದಳು. ಹಾಗಾಗಿ ಘೋಷಣೆಯ ಚೀಟಿಯಲ್ಲಿ ವಸ್ತು ಶಾಲು, ಉಪಯೋಗ ವಾಸನೆ ಎಂದು ಪ್ರಾಮಾಣಿಕವಾಗಿಯೇ ಬರೆದಿದ್ದೆ. ತಮ್ಮ ಹಗ್ಗ ಹಿಡಿಯುವ ಸಾಹೇಬರು ಅದನ್ನು ಓದಿ, "ವಾಸನೇನಾ? ಅದಕ್ಯಾಕೆ ಚಿಂತೆ ಮೇಡಂ, ಶುಕ್ರವಾರ ಔಷಧಿ ಹಾಕಿ ಒಗೆಸ್ತೀವಲ್ಲ, ಒಂಚೂರೂ ಉಳಿಯಲ್ಲ" ಎಂದು ನನಗೆ ಧೈರ್ಯ ಹೇಳಿದರು.

ಆದಕಾರಣ ತಮ್ಮಲ್ಲಿ ಬಿನ್ನಹ. ಶಾಲು ಒಗೆತಕ್ಕೆ ಹೋಗುವ ಮುಂಚೆ, ಗುರುವಾರದ ಮಟ್ಟಿಗೆ, ತಮ್ಮ ಮೂಗನ್ನು ಸಾಹೇಬರಿಗೆ ಎರವಲು ಕೊಡಬೇಕು. ಅದಕ್ಕೆ ಮೇಲಿನವರ ಅನುಮತಿ ಸಿಗದಿದ್ದರೆ, ಆ ಪುಡಿಯನ್ನಷ್ಟೇ ತಾವು ನೆಕ್ಕಿ, ಅಮ್ಮನನ್ನು ಮುಟ್ಟದೆ ಮುಂದಕ್ಕೆ ಕಳುಹಿಸಿಕೊಡಬೇಕು. ಬಿಸ್ಕತ್ತು ತಮಗೆ, ಅಮ್ಮ ದೊರೆಗೆ. ಹಂಚಿಕೆ ನ್ಯಾಯವಾಗಿಯೇ ಇದೆ. ಶಾಲಿಗೆ ತಮ್ಮ ಜೊಲ್ಲಿನ ವಾಸನೆ ಹತ್ತಿದರೆ ಅವನಿಗೆ ಹೊಟ್ಟೆಕಿಚ್ಚಾದೀತು. ಆಗಲಿ, ಆ ಸಿಟ್ಟಿಗಾದರೂ ಎದ್ದು ನಾಲ್ಕು ತುತ್ತು ತಿಂದಾನು.

ಇಡೀ ಕಚೇರಿಯಲ್ಲಿ ತಮ್ಮೊಬ್ಬರ ಮೇಲೆ ಮಾತ್ರ ಭರವಸೆ ಇಟ್ಟಿರುವ,
ತಮ್ಮ ವಿಶ್ವಾಸಿ,
ದೊರೆಯ ದೊಡ್ಡಮ್ಮ

ಮರೆತ ಮಾತು: "ಹೊಸದೊಂದು ತಗೊಂಡು ಕಳಿಸಿ ಮೇಡಂ, ಇದೇ ಬಣ್ಣ ಸಿಗುತ್ತೆ" ಎಂದೂ ಸಾಹೇಬರು ಸಲಹೆ ಕೊಟ್ಟಿದ್ದಾರೆ. ಬಿಡುವಾದಾಗ ಅವರ ಕೋಟನ್ನೊಮ್ಮೆ ಮೂಸಿ ನೋಡಿ. ಅದರಲ್ಲಿ ಅವರ ಮನೆಯವರ ವಾಸನೆ ಏನಾದರೂ ಸಿಕ್ಕರೆ, ದಯವಿಟ್ಟು ಅದನ್ನೂ ಶುಕ್ರವಾರದ ಔಷಧಿಗೆ ಹಾಕಿಸಿ.